ಒಂದು ರೂಪಾಯಿ ಟಿಕೆಟ್ಟಿನಿಂದ ಒಟಿಪಿವರೆಗೆ: ನಮ್ಮೂರಿಗೆ ವಿಮಾನದ ಚೀಟಿ ಬಂದ ಕಥೆ

ಬಾಗಲಕೋಟೆ ಜಿಲ್ಲೆಯಲ್ಲಿ ವಿಮಾನ ನಿಲ್ದಾಣ ಇಲ್ಲ. ಆದರೆ ವಿಮಾನದ ಟಿಕೆಟ್ ಮಾತ್ರ ಊರೂರಿಗೆ ಬಂದು ಮುಟ್ಟಿದೆ. ಇಳಕಲ್ಲಿನ ಝೆರಾಕ್ಸ್ ಅಂಗಡಿ, ಹುನಗುಂದದ ಆನ್‌ಲೈನ್ ಸೆಂಟರ್, ಬಾದಾಮಿಯ ಮೊಬೈಲ್ ರಿಪೇರಿ ಅಂಗಡಿ, ಎಲ್ಲಿ ಪಹಣಿ ತೆಗೆದುಕೊಡುತ್ತಾರೋ, ಎಲ್ಲಿ ಜಾತಿ-ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿಕೊಡುತ್ತಾರೋ ಅಲ್ಲೇ ಈಗ ಬಸ್, ರೈಲು, ವಿಮಾನ ಮೂರರ ಟಿಕೆಟ್ಟೂ ಸಿಗುತ್ತದೆ.

ಹುನಗುಂದದ ಅಂಥ ಒಂದು ಅಂಗಡಿಯಲ್ಲಿ ನಾವು ಕುಳಿತಿದ್ದಾಗ ಹಿರಿಯರೊಬ್ಬರು ಬಂದರು. ಹಿಂದಿನ ರಾತ್ರಿ ಅವರ ತಾಯಿ ತೀರಿಕೊಂಡಿದ್ದರು. ತಮ್ಮ ದಿಲ್ಲಿಯಲ್ಲಿ ಕೆಲಸಕ್ಕಿದ್ದಾನೆ. ಮಣ್ಣಿಗೆ ಬರಬೇಕು. ನಸುಕಿನಲ್ಲಿ ಫೋನ್ ಮಾಡಿ ರೇಟ್ ಕೇಳಿದ್ದರು, ದುಡ್ಡು ಹೊಂದಿಸಿಕೊಂಡು ಬರುವಷ್ಟರಲ್ಲಿ ರೇಟ್ ಬದಲಾಗಿತ್ತು.

"ತಮ್ಮಾ, ಮುಂಜಾನೆ ಕಡಿಮಿ ಹೇಳಿದ್ದಿ. ಈಗ ಇಷ್ಟ್ಯಾಕ ಆತೋ?"

"ಕಾಕಾರ, ನನ್ನ ಕೈಯಾಗ ಏನೂ ಇಲ್ರೀ. ತಾಸಿಗೊಮ್ಮೆ ಬದಲಾಗತೈತ್ರಿ ಅದು."

"ಸಂತ್ಯಾಗ ಹೊತ್ತು ಮುಳುಗಾಕ ಬಂದ್ರ ರೇಟ್ ಇಳೀತೈತಿ. ಇದೇನಪಾ ಏರಾಕತ್ತೈತಿ?"

ಕಾಕಾ ಕೇಳಿದ ಈ ಪ್ರಶ್ನೆಗೆ ಅಂಗಡಿಯ ಹುಡುಗನ ಹತ್ತಿರ ಉತ್ತರ ಇರಲಿಲ್ಲ. ನಮ್ಮ ಹತ್ತಿರವೂ ಇರಲಿಲ್ಲ. ಆಮೇಲೆ ಹುಡುಕುತ್ತಾ ಹೋದೆವು. ಉತ್ತರ ಹುಡುಕಲು ತೊಂಬತ್ತು ವರ್ಷ ಹಿಂದಕ್ಕೆ ಹೋಗಬೇಕಾಯಿತು.

ಮೊದಲು ಹಾರಿದ್ದು ಪತ್ರ

1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಒಂದು ಸಣ್ಣ ವಿಮಾನವನ್ನು ಕರಾಚಿಯಿಂದ ಅಹಮದಾಬಾದ್ ಮಾರ್ಗವಾಗಿ ಮುಂಬೈಗೆ ಹಾರಿಸಿಕೊಂಡು ಬಂದರು. ಅದರಲ್ಲಿ ಇದ್ದದ್ದು ಜನ ಅಲ್ಲ, ಟಪಾಲು. ಮುಂಬೈಯಿಂದ ಮುಂದೆ ಅದೇ ಟಪಾಲನ್ನು ಅವರ ಜೊತೆಗಾರ ನೆವಿಲ್ ವಿನ್ಸೆಂಟ್ ಮದ್ರಾಸಿಗೆ ಒಯ್ದರು. ದಾರಿಯಲ್ಲಿ ವಿಮಾನ ಇಳಿದದ್ದು ನಮ್ಮ ಬಳ್ಳಾರಿಯಲ್ಲಿ.

ಅಂದರೆ ಭಾರತದಲ್ಲಿ ಟಾಟಾ ವಿಮಾನ ಹಾರಲು ಶುರುವಾದ ಮೊದಲ ಹೊತ್ತಿಗೇ ಅದರ ದಾರಿ ಕನ್ನಡ ನಾಡಿನ ಮೇಲೆ ಹಾದುಹೋಗಿತ್ತು. ಆದರೆ ಆ ದಾರಿ ಇದ್ದದ್ದು ಕಾಗದಕ್ಕೆ. ಮನುಷ್ಯರಿಗೆ ಇದ್ದದ್ದು ರೈಲು. ನಮ್ಮ ಭಾಗದಲ್ಲಿ ಆ ರೈಲೂ ಬರಗಾಲದ ಬೆನ್ನಿಗೆ ಬಂದದ್ದು. 1876-78ರ ಬರ ಅಂದಿನ ಕಲಾದಗಿ ಜಿಲ್ಲೆಯನ್ನು, ಅಂದರೆ ಇಂದಿನ ವಿಜಯಪುರ-ಬಾಗಲಕೋಟೆಯನ್ನು, ಬಹಳ ಕೆಟ್ಟದಾಗಿ ಬಡಿದಿತ್ತು. ಆ ಬಳಿಕ ಸದರ್ನ್ ಮರಾಠಾ ರೈಲ್ವೆ ಕಂಪನಿ ಹೋಟಗಿ-ಗದಗ ಮಾರ್ಗ ಹಾಕಿತು. ಬಾಗಲಕೋಟೆ, ಬಾದಾಮಿ ನಿಲ್ದಾಣಗಳು ಇವತ್ತಿಗೂ ಅದೇ ಹಳಿಯ ಮೇಲಿವೆ. ದುಡಿಯಲು ಊರು ಬಿಡುವ ನಮ್ಮ ಜನ ಮೊದಲು ನಂಬಿದ್ದು ಆ ಹಳಿಯನ್ನೇ, ಆಮೇಲೆ ಕೆಂಪು ಬಸ್ಸನ್ನು.

ಸ್ವಾತಂತ್ರ್ಯದ ನಂತರ 1953ರಲ್ಲಿ ಸಂಸತ್ತು ಏರ್ ಕಾರ್ಪೊರೇಷನ್ಸ್ ಕಾಯ್ದೆ ಮಾಡಿ ಖಾಸಗಿ ವಿಮಾನ ಕಂಪನಿಗಳನ್ನೆಲ್ಲ ಸರ್ಕಾರದ ಕೈಗೆ ತೆಗೆದುಕೊಂಡಿತು. ದೇಶದೊಳಗಿನ ಹಾರಾಟಕ್ಕೆ ಇಂಡಿಯನ್ ಏರ್‌ಲೈನ್ಸ್, ಹೊರದೇಶಕ್ಕೆ ಏರ್ ಇಂಡಿಯಾ. ಮುಂದೆ ಸುಮಾರು ನಾಲ್ಕು ದಶಕ ಹಾಗೆಯೇ ನಡೆಯಿತು. ಟಿಕೆಟ್ ಅಂದರೆ ಕಾರ್ಬನ್ ಹಚ್ಚಿದ ಹಾಳೆಗಳ ಸಣ್ಣ ಪುಸ್ತಕ. ಅದನ್ನು ಬರೆದುಕೊಡಲು ದೊಡ್ಡ ಊರಿನ ಏಜೆಂಟರೇ ಬೇಕು. ವಿಮಾನ ಹತ್ತುವವರು ಅಧಿಕಾರಿಗಳು, ಮಂತ್ರಿಗಳು, ದೊಡ್ಡ ವ್ಯಾಪಾರಸ್ಥರು. ನಮ್ಮ ಹೊಲದಲ್ಲಿ ನಿಂತವರಿಗೆ ವಿಮಾನ ಅಂದರೆ ತಲೆ ಎತ್ತಿ ನೋಡುವ ವಸ್ತು. ಇಲ್ಲವೇ ಪಟ್ಟದಕಲ್ಲಿನ ಗೈಡುಗಳು ತೋರಿಸುವ ಕಲ್ಲಿನ ವಿಮಾನ, ಅಂದರೆ ಗರ್ಭಗುಡಿಯ ಮೇಲಿನ ಶಿಖರ.

1994ರಲ್ಲಿ ಆ ಕಾಯ್ದೆ ರದ್ದಾಯಿತು. ಖಾಸಗಿ ಕಂಪನಿಗಳು ಕಾನೂನಿನ ಪ್ರಕಾರವೇ ವಿಮಾನ ಓಡಿಸಬಹುದಾಯಿತು, ದರವನ್ನೂ ತಾವೇ ಇಡಬಹುದಾಯಿತು. ಕಾಕಾ ಕೇಳಿದ ಪ್ರಶ್ನೆಯ ಮೊದಲ ಬೇರು ಇಲ್ಲಿದೆ. ಬಸ್ಸಿನ ದರಕ್ಕೆ ಸರ್ಕಾರದ ಆದೇಶ ಬೇಕು, ವಿಮಾನದ ದರಕ್ಕೆ ಮಾಮೂಲಿ ದಿನಗಳಲ್ಲಿ ಅಂಥ ಆದೇಶ ಬೇಕಿಲ್ಲ.

ಮುಳುಗಡೆಯ ಮನೆಯಿಂದ ಬಂದವರು

ದರ ಇಡುವ ಸ್ವಾತಂತ್ರ್ಯ ಬಂದಮೇಲೂ ಟಿಕೆಟ್ ಕೂಡಲೇ ಅಗ್ಗವಾಗಲಿಲ್ಲ. ಅದನ್ನು ಅಗ್ಗ ಮಾಡಿ ತೋರಿಸಿದವರು ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್.

ಅವರ ಕಥೆಯ ಒಂದು ತುಣುಕು ಬಾಗಲಕೋಟೆಯವರಿಗೆ ಬೇರೆ ಯಾರಿಗಿಂತಲೂ ಬೇಗ ಅರ್ಥವಾಗುತ್ತದೆ. ಗೊರೂರಿನಲ್ಲಿ ಹೇಮಾವತಿ ಅಣೆಕಟ್ಟು ಬಂದಾಗ ಅವರ ಮನೆತನದ ಹೊಲ ನೀರಿನಲ್ಲಿ ಮುಳುಗಿತು. ಬದಲಿಗೆ ಸಿಕ್ಕಿದ್ದು ಜಾವಗಲ್ ಕಡೆಯ ಒಣಭೂಮಿ. ಘಟಪ್ರಭೆಯ ದಂಡೆಯ ಹಳೇ ಬಾಗಲಕೋಟೆಗೆ ಆಲಮಟ್ಟಿಯ ಹಿನ್ನೀರು ನುಗ್ಗಿದ್ದನ್ನು ಕಂಡವರಿಗೆ, ನವನಗರದ ಸೆಕ್ಟರಿನಲ್ಲಿ ಮನೆ ನಂಬರ್ ಹುಡುಕಿದವರಿಗೆ, ಮುಳುಗಡೆ ಅಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ.

ಗೋಪಿನಾಥ್ ಸೈನ್ಯದಲ್ಲಿದ್ದವರು, 1971ರ ಯುದ್ಧ ಕಂಡವರು. ಕೆಲಸ ಬಿಟ್ಟು ಬಂದು ಆ ಒಣಭೂಮಿಯಲ್ಲಿ ಕೃಷಿ ಮಾಡಿದರು, ರೇಷ್ಮೆ ಬೆಳೆದರು. 1996ರಲ್ಲಿ ಆ ಕೆಲಸಕ್ಕೆ ರೋಲೆಕ್ಸ್ ಪ್ರಶಸ್ತಿ ಬಂತು. ಸೈನ್ಯದ ಗೆಳೆಯರ ಜೊತೆ ಸೇರಿ ಬಾಡಿಗೆ ಹೆಲಿಕಾಪ್ಟರ್ ಕಂಪನಿ ಕಟ್ಟಿದರು. ಅದರ ಮುಂದಿನ ಹೆಜ್ಜೆಯೇ ಏರ್ ಡೆಕ್ಕನ್.

2003ರ ಆಗಸ್ಟ್‌ನಲ್ಲಿ ಏರ್ ಡೆಕ್ಕನ್ ಹಾರಾಟ ಶುರುಮಾಡಿತು. ಶುರುವಿನ ದಾರಿಗಳಲ್ಲೊಂದು ಬೆಂಗಳೂರು-ಹುಬ್ಬಳ್ಳಿ. ರೆಕ್ಕೆಯ ಮೇಲೆ ಪಂಖ ತಿರುಗುವ ಎಟಿಆರ್ ವಿಮಾನ, ಐವತ್ತಕ್ಕಿಂತ ಕಡಿಮೆ ಸೀಟು. ಊಟ ಪುಕ್ಕಟೆ ಅಲ್ಲ. ಸೀಟ್ ನಂಬರ್ ಇಲ್ಲ, ಬಸ್ಸಿನಂತೆ ಮೊದಲು ಹತ್ತಿದವರಿಗೆ ಕಿಟಕಿ. ಕಂಪನಿಯ ಗುರುತಾಗಿ ಇಟ್ಟುಕೊಂಡದ್ದು ವ್ಯಂಗ್ಯಚಿತ್ರಕಾರ ಆರ್.ಕೆ. ಲಕ್ಷ್ಮಣ್ ಬರೆದ 'ಶ್ರೀಸಾಮಾನ್ಯ'ನನ್ನು. ಧೋತರ, ಚೌಕಳಿ ಕೋಟಿನ ಆ ಮುದುಕನೇ ಕಂಪನಿಯ ಮುಖವಾದ.

ಬಾದಾಮಿಗೆ ಹುಬ್ಬಳ್ಳಿ ನೂರು ಕಿಲೋಮೀಟರಿನ ಆಸುಪಾಸು. ವಿಮಾನದ ಚೀಟಿ ನಮ್ಮ ಕಡೆಗೆ ಬರಲು ಶುರುವಾದದ್ದು ಆಗಲೇ ಎಂದು ಹೇಳಬಹುದು.

ಒಂದು ರೂಪಾಯಿಯ ಲೆಕ್ಕ

ಏರ್ ಡೆಕ್ಕನ್ ಹೆಸರಾದದ್ದು ಒಂದು ರೂಪಾಯಿ ಟಿಕೆಟ್ಟಿನಿಂದ. ತೆರಿಗೆ, ಶುಲ್ಕ ಬೇರೆ, ಸೀಟುಗಳೂ ಕೆಲವೇ, ಆದರೂ ಮಾತು ಊರೂರಿಗೆ ಹಬ್ಬಿತು. ಇದು ದಾನವೂ ಅಲ್ಲ, ಮೋಸವೂ ಅಲ್ಲ. ಅದರ ಹಿಂದೆ ಒಂದು ಲೆಕ್ಕ ಇತ್ತು. ಇವತ್ತು ನಿಮ್ಮ ಫೋನಿನಲ್ಲಿ ಕಾಣುವ ಪ್ರತಿ ರೇಟಿನ ಹಿಂದೆಯೂ ಅದೇ ಲೆಕ್ಕ ಇದೆ.

ವಿಮಾನ ಒಮ್ಮೆ ಮೇಲೆ ಎದ್ದರೆ ಇಂಧನ, ಪೈಲಟ್ ಪಗಾರ, ನಿಲ್ದಾಣದ ಬಾಡಿಗೆ ಎಲ್ಲವೂ ಖರ್ಚಾಗಿಯೇ ಬಿಡುತ್ತವೆ. ಹತ್ತು ಸೀಟು ಖಾಲಿ ಹೋದರೂ ಖರ್ಚು ಬಹುತೇಕ ಅಷ್ಟೇ. ಖಾಲಿ ಸೀಟು ಮಾತ್ರ ಒಡೆದ ಹಾಲಿನ ಹಾಗೆ, ನಾಳೆ ಮಾರಲು ಬರುವುದಿಲ್ಲ. ಹಾಗಾಗಿ ಬೇಗ ಬರುವ ಕೆಲವರಿಗೆ ಬಹಳ ಕಡಿಮೆಗೆ ಕೊಟ್ಟರೂ ಕಂಪನಿಗೆ ಲಾಭವೇ.

ಇಷ್ಟೇ ಆದರೆ ಕೊನೆಯ ಗಳಿಗೆಯಲ್ಲಿ ಇನ್ನೂ ಅಗ್ಗ ಆಗಬೇಕಿತ್ತು. ಸಂತೆಯಲ್ಲಿ ಕೊತ್ತಂಬರಿ ಸಿವುಡು ಸಂಜೆಗೆ ಅರ್ಧ ಬೆಲೆಗೆ ಬರುವುದು ಹಾಗೆಯೇ. ವಿಮಾನದಲ್ಲಿ ಯಾಕೆ ಉಲ್ಟಾ?

ಯಾಕೆಂದರೆ ಸಂಜೆ ಸಂತೆಗೆ ಬರುವವರು ಚೌಕಾಸಿ ಮಾಡುವವರು. ಕೊನೆಯ ದಿನ ವಿಮಾನದ ಟಿಕೆಟ್ ಕೇಳುವವರು ಹೋಗಲೇಬೇಕಾದವರು. ನಾಳೆ ಮೀಟಿಂಗ್ ಇರುವ ಅಧಿಕಾರಿ, ಸಂದರ್ಶನ ಇರುವ ಹುಡುಗಿ, ಆಸ್ಪತ್ರೆಯಲ್ಲಿ ಮಲಗಿದವರ ಮಗ. ಅವರು ಎಷ್ಟಾದರೂ ಕೊಡುತ್ತಾರೆ ಎಂದು ಕಂಪನಿಗೆ ಗೊತ್ತು. ಆದ್ದರಿಂದ ಸೀಟುಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಇಡುತ್ತಾರೆ. ಮೊದಲ ಮೆಟ್ಟಿಲಿನ ಕೆಲವು ಸೀಟು ಅಗ್ಗ. ಅವು ತುಂಬಿದರೆ ಎರಡನೇ ಮೆಟ್ಟಿಲು, ಆಮೇಲೆ ಮೂರನೆಯದು. ಹೊರಡುವ ದಿನ ಹತ್ತಿರ ಬಂದಹಾಗೆ ಕೆಳಗಿನ ಮೆಟ್ಟಿಲುಗಳನ್ನು ಮುಚ್ಚಿಬಿಡುತ್ತಾರೆ.

ಈ ವಿದ್ಯೆ ಅಮೆರಿಕದಲ್ಲಿ ಬೆಳೆದದ್ದು. ಅಲ್ಲಿ 1978ರಲ್ಲಿ ವಿಮಾನ ದರದ ಮೇಲಿನ ಸರ್ಕಾರದ ಹಿಡಿತ ಹೋಯಿತು. ಹೊಸ ಅಗ್ಗದ ಕಂಪನಿಗಳು ಹುಟ್ಟಿದವು. ಅವುಗಳನ್ನು ಎದುರಿಸಲು 1985ರಲ್ಲಿ ಅಮೆರಿಕನ್ ಏರ್‌ಲೈನ್ಸ್ ಕಂಪನಿ ಕಂಪ್ಯೂಟರ್ ಲೆಕ್ಕದಿಂದ ಒಂದೇ ವಿಮಾನದಲ್ಲಿ ಹಲವು ದರ ಇಟ್ಟಿತು. ಮುಂಚೆ ತೆಗೆದುಕೊಳ್ಳುವವರಿಗೆ ಅಗ್ಗದ ಕೆಲವೇ ಸೀಟು, ಉಳಿದವರಿಗೆ ಹಳೆಯ ದರ. ಅಗ್ಗದ ಕಂಪನಿಗಳನ್ನು ಮಣಿಸಲು ಹುಟ್ಟಿದ ಈ ಲೆಕ್ಕವನ್ನೇ ಮುಂದೆ ಅಗ್ಗದ ಕಂಪನಿಗಳೂ ಕಲಿತವು. ನಮ್ಮಲ್ಲಿ ಅದನ್ನು ಸಾಮಾನ್ಯ ಜನರ ಕಣ್ಣಿಗೆ ಬೀಳುವಂತೆ ಮಾಡಿದ್ದು ಏರ್ ಡೆಕ್ಕನ್.

ಕಾಕಾ ಕೇಳಿದ್ದಕ್ಕೆ ಇದೇ ಉತ್ತರ. ಸಂತೆಯಲ್ಲಿ ಸರಕು ಕೆಡುವುದಕ್ಕೆ ಅಂಜಿ ರೇಟ್ ಇಳಿಸುತ್ತಾರೆ. ಇಲ್ಲಿ ಗಿರಾಕಿಯ ಗರಜು ನೋಡಿ ರೇಟ್ ಏರಿಸುತ್ತಾರೆ.

ಟಿಕೆಟ್ ಕೈಗೆ ಬಂದ ದಾರಿ

ಗಂಟೆಗೊಮ್ಮೆ ಬದಲಾಗುವ ದರವನ್ನು ಕಾರ್ಬನ್ ಹಾಳೆಯ ಮೇಲೆ ಮಾರಲು ಬರುವುದಿಲ್ಲ. ಅದಕ್ಕೆ ಇಂಟರ್ನೆಟ್ ಬೇಕಿತ್ತು. ಏಜೆಂಟರ ಕಮಿಷನ್, ಟಿಕೆಟ್ ಮುದ್ರಣದ ಖರ್ಚು ಉಳಿಸಲು ಏರ್ ಡೆಕ್ಕನ್ ಇಂಟರ್ನೆಟ್ಟಿನಲ್ಲಿ, ಫೋನಿನಲ್ಲಿ ನೇರವಾಗಿ ಮಾರಿತು. ಇಂಟರ್ನೆಟ್ ಇಲ್ಲದವರಿಗೆಂದು ಪೆಟ್ರೋಲ್ ಬಂಕಿನಲ್ಲೂ ಟಿಕೆಟ್ ಇಟ್ಟಿತು.

ಆನ್‌ಲೈನ್ ಟಿಕೆಟ್ಟಿನ ರೂಢಿ ಹಾಕಿದ್ದು ಮಾತ್ರ ರೈಲು. 2002ರ ಆಗಸ್ಟ್‌ನಲ್ಲಿ ಐಆರ್‌ಸಿಟಿಸಿ ಜಾಲತಾಣ ರೈಲು ಟಿಕೆಟ್ ಮಾರಲು ಶುರುಮಾಡಿತ್ತು. 2005ರಲ್ಲಿ ಮೇಕ್‌ಮೈಟ್ರಿಪ್ ಭಾರತದಲ್ಲಿ ವ್ಯವಹಾರ ತೆರೆಯಿತು, 2006ರಲ್ಲಿ ಯಾತ್ರಾ, ಕ್ಲಿಯರ್‌ಟ್ರಿಪ್ ಬಂದವು. ಅದೇ ಕಾಲಕ್ಕೆ ಸ್ಪೈಸ್‌ಜೆಟ್, ಗೋಏರ್, ಇಂಡಿಗೋ ಹಾರತೊಡಗಿದವು. ಎಲ್ಲ ಕಂಪನಿಗಳ ದರ ಒಂದೇ ಪುಟದಲ್ಲಿ ಸಾಲಾಗಿ ಕಂಡಾಗ ಗಿರಾಕಿಯ ಕೈಗೆ ಮೊದಲ ಬಾರಿ ತಕ್ಕಡಿ ಸಿಕ್ಕಿತು. 2008ರ ಜೂನ್ 1ರಿಂದ ಜಗತ್ತಿನ ವಿಮಾನ ಕಂಪನಿಗಳ ಒಕ್ಕೂಟ ಕಾಗದದ ಟಿಕೆಟ್ ನಿಲ್ಲಿಸಿತು. ಟಿಕೆಟ್ ಅಂದರೆ ಇನ್ನು ಆರು ಅಕ್ಷರದ ಪಿಎನ್‌ಆರ್ ಮಾತ್ರ.

ಆದರೆ ನಮ್ಮ ಹಳ್ಳಿಗೆ ಇನ್ನೊಂದು ಗೋಡೆ ಇತ್ತು, ದುಡ್ಡು ಕಟ್ಟುವುದು. ಆನ್‌ಲೈನಿನಲ್ಲಿ ಕಟ್ಟಲು ಕಾರ್ಡ್ ಬೇಕು. ಕೂಲಿಗೆ ಹೋಗುವವರ ಕೈಯಲ್ಲಿ, ಮಗ್ಗದ ಮುಂದೆ ಕುಳಿತವರ ಕೈಯಲ್ಲಿ ಕಾರ್ಡ್ ಎಲ್ಲಿಂದ ಬರಬೇಕು? ಇಂಟರ್ನೆಟ್ ಗೊತ್ತಿದ್ದವರೂ ಏಜೆಂಟರ ಬಳಿಯೇ ಹೋಗಬೇಕಾದದ್ದು ಇದಕ್ಕೇ. ಆ ಗೋಡೆ ಬಿದ್ದದ್ದು 2016ರಲ್ಲಿ. ಆ ವರ್ಷ ಯುಪಿಐ ಬಂತು, ಅದೇ ವರ್ಷ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಡೇಟಾ ಅಗ್ಗವಾಯಿತು. ಫೋನ್ ಇದ್ದವರೆಲ್ಲ ಟಿಕೆಟ್ ಕೌಂಟರಿನ ಮುಂದೆ ಬಂದು ನಿಂತಂತಾಯಿತು.

ಅಷ್ಟರಲ್ಲಿ ದಾರಿ ತೋರಿಸಿದ ಏರ್ ಡೆಕ್ಕನ್ ಮಾತ್ರ ಉಳಿದಿರಲಿಲ್ಲ. ನಷ್ಟದಲ್ಲಿದ್ದ ಕಂಪನಿಯಲ್ಲಿ 2007ರಲ್ಲಿ ಕಿಂಗ್‌ಫಿಷರ್‌ನವರು ಪಾಲು ಕೊಂಡರು. 2008ರಲ್ಲಿ ಎರಡೂ ಕೂಡಿದವು, ಡೆಕ್ಕನ್ ಹೆಸರು ಹೋಯಿತು. 2012ರ ಅಕ್ಟೋಬರಿನಲ್ಲಿ ಕಿಂಗ್‌ಫಿಷರ್ ಕೂಡ ನೆಲಕ್ಕಿಳಿಯಿತು. ಟಿಕೆಟ್ ಅಗ್ಗ ಮಾಡುವುದು ಒಂದು ವಿದ್ಯೆ, ಅಗ್ಗ ಮಾಡಿ ಬದುಕುವುದು ಇನ್ನೊಂದು ವಿದ್ಯೆ.

ನಿಲ್ದಾಣ ಹತ್ತಿರ ಬಂತು, ದರ?

2016ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಉಡಾನ್ ಯೋಜನೆ ಘೋಷಿಸಿತು. ಸಣ್ಣ ಊರಿನಿಂದ ಸುಮಾರು ಒಂದು ಗಂಟೆಯ ಹಾರಾಟಕ್ಕೆ ಅರ್ಧದಷ್ಟು ಸೀಟುಗಳ ದರ 2,500 ರೂಪಾಯಿ ಆಸುಪಾಸಿನಲ್ಲಿ ಇರಬೇಕು, ಕಂಪನಿಗೆ ಆಗುವ ಕೊರತೆಯನ್ನು ಮೂರು ವರ್ಷ ಸರ್ಕಾರ ತುಂಬಿಕೊಡುತ್ತದೆ. ಇದೇ ಅದರ ತಿರುಳು.

ನಮ್ಮ ಸುತ್ತಮುತ್ತ ಇದರ ಫಲ ಕಂಡಿದೆ. 2017ರಲ್ಲಿ ಬಳ್ಳಾರಿ ಕಡೆಯ ತೋರಣಗಲ್ಲಿನ ವಿದ್ಯಾನಗರದಿಂದ ಟ್ರೂಜೆಟ್ ಹಾರಿತು. 2018ರಲ್ಲಿ ಹುಬ್ಬಳ್ಳಿಯಿಂದ ಹಾರಾಟ ಹೆಚ್ಚಿದವು. 2019ರ ಜನವರಿಯಲ್ಲಿ ಸ್ಟಾರ್ ಏರ್ ತನ್ನ ಹಾರಾಟವನ್ನು ಬೆಂಗಳೂರು-ಹುಬ್ಬಳ್ಳಿ ದಾರಿಯಲ್ಲೇ ಶುರುಮಾಡಿತು. ಅದೇ ವರ್ಷ ನವೆಂಬರಿನಲ್ಲಿ ಕಲಬುರಗಿ ನಿಲ್ದಾಣ ತೆರೆಯಿತು. ಬೆಳಗಾವಿಯ ಸಾಂಬ್ರಾ ಮೊದಲೇ ಇತ್ತು. ಗೋವಾದಲ್ಲಿ ದಾಬೋಳಿಯ ಜೊತೆ 2023ರ ಜನವರಿಯಿಂದ ಮೋಪಾ ಸೇರಿತು.

ಆದರೆ ದಾರಿ ತೆರೆದಷ್ಟೇ ಬೇಗ ಮುಚ್ಚಿದ್ದೂ ಉಂಟು. ಟ್ರೂಜೆಟ್ 2022ರಲ್ಲಿ ನಿಂತುಹೋಯಿತು. ಉಡಾನ್ ಬಗ್ಗೆ ಮಹಾಲೇಖಪಾಲರು 2023ರಲ್ಲಿ ಕೊಟ್ಟ ವರದಿ ಹೇಳುವ ಲೆಕ್ಕ ಇದು: ಮೊದಲ ಮೂರು ಸುತ್ತಿನಲ್ಲಿ ಕೊಟ್ಟ 774 ದಾರಿಗಳಲ್ಲಿ 403 ಶುರುವೇ ಆಗಲಿಲ್ಲ. ಶುರುವಾದ 371ರಲ್ಲಿ ಮೂರು ವರ್ಷ ಪೂರೈಸಿದ್ದು 112. ಆಮೇಲೂ ನಡೆಯುತ್ತಿದ್ದದ್ದು 54. ಹಾಗಾಗಿ ಹೋದ ವರ್ಷ ಇದ್ದ ವಿಮಾನ ಈ ವರ್ಷವೂ ಇದೆ ಎಂದು ನಂಬಿ ಮದುವೆಯ ದಿನ ಇಟ್ಟುಕೊಳ್ಳಬೇಡಿ. ಫೋನಿನಲ್ಲಿ ಮೊದಲು ನೋಡಿ.

ಅಗ್ಗ ಯಾರಿಗೆ?

ಈ ಇತಿಹಾಸವನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದಾಗ ನಮಗೆ ಒಂದು ಮಾತು ಕಾಡಿತು. ಈ ಅಗ್ಗದ ಟಿಕೆಟ್ ಯೋಜನೆ ಹಾಕಿ ಬದುಕುವವರಿಗೆ ಅಗ್ಗ. ಮೂರು ತಿಂಗಳ ಮುಂಚೆ ರಜೆಯ ದಿನ ಗೊತ್ತಿದ್ದವರಿಗೆ, ಬುಧವಾರ ಬೇಡವಾದರೆ ಗುರುವಾರ ಹೋಗಬಲ್ಲವರಿಗೆ ಅಗ್ಗ.

ನಮ್ಮ ಜನ ಎಂಥ ಹೊತ್ತಿನಲ್ಲಿ ವಿಮಾನ ನೆನೆಯುತ್ತಾರೆ? ಗೋವಾಕ್ಕೆ, ಮಂಗಳೂರಿಗೆ, ಪುಣೆಗೆ ದುಡಿಯಲು ಹೋದವರು ಬಸ್ಸಿನಲ್ಲೇ ಹೋಗುತ್ತಾರೆ, ಜಾತ್ರೆಗೆ ಬಸ್ಸಿನಲ್ಲೇ ಬರುತ್ತಾರೆ. ವಿಮಾನ ನೆನಪಾಗುವುದು ಸಾವಿನ ಸುದ್ದಿ ಬಂದಾಗ, ಆಪರೇಶನ್ ಅಂದಾಗ, ಸೈನ್ಯದಲ್ಲಿರುವ ಮಗನಿಗೆ ಕೊನೆಯ ಗಳಿಗೆಯಲ್ಲಿ ರಜೆ ಮಂಜೂರಾದಾಗ. ಅಂದರೆ ಮೆಟ್ಟಿಲಿನ ತುದಿಯಲ್ಲಿ ರೇಟ್ ನಿಂತಿರುವಾಗಲೇ ನಾವು ಅಂಗಡಿಗೆ ಹೋಗುತ್ತೇವೆ. ಬೇಗ ಬಂದ ಪ್ರವಾಸಿಗೆ ಕೊಟ್ಟ ರಿಯಾಯಿತಿಯ ಒಂದು ಪಾಲನ್ನು ಮಣ್ಣಿಗೆ ಬರುವ ಮಗ ತುಂಬಿಕೊಡುತ್ತಾನೆ.

ಇದಕ್ಕೆ ಬೇರೆ ದಾರಿಯೇ ಇಲ್ಲವೆಂದಲ್ಲ. ಕೊರೊನಾ ಕಾಲದಲ್ಲಿ, 2020ರ ಮೇ 25ರಿಂದ 2022ರ ಆಗಸ್ಟ್ 31ರವರೆಗೆ, ಕೇಂದ್ರ ಸರ್ಕಾರವೇ ದೇಶದೊಳಗಿನ ವಿಮಾನ ದರಕ್ಕೆ ಕೆಳಮಿತಿ, ಮೇಲ್ಮಿತಿ ಇಟ್ಟಿತ್ತು. ಅಮೆರಿಕದ ಡೆಲ್ಟಾ, ಕೆನಡಾದ ಏರ್ ಕೆನಡಾದಂಥ ಕಂಪನಿಗಳು ಹತ್ತಿರದವರು ತೀರಿಕೊಂಡಾಗ ಹೊರಡುವವರಿಗೆಂದು ಪ್ರತ್ಯೇಕ ದರ ಇಟ್ಟಿವೆ. ಸೈನಿಕರಿಗೆ, ವಿದ್ಯಾರ್ಥಿಗಳಿಗೆ, ಹಿರಿಯ ನಾಗರಿಕರಿಗೆ ರಿಯಾಯಿತಿ ಕೊಡುವ ನಮ್ಮ ಕಂಪನಿಗಳಿಗೆ ಇದೊಂದು ಹೆಚ್ಚಿನ ಭಾರವೇನೂ ಆಗದು ಎಂದು ನಮಗೆ ಅನಿಸುತ್ತದೆ. ಕೇಳುವವರು ಬೇಕು. ನಮ್ಮ ಎಂಪಿ, ಎಮ್ಮೆಲ್ಲೆಗಳ ಮುಂದೆ 'ನಮ್ಮೂರಿಗೂ ಏರ್‌ಪೋರ್ಟ್ ಬೇಕು' ಎನ್ನುವವರು ಈ ಮಾತನ್ನೂ ಇಡಬಹುದು.

ಬುಕ್ ಮಾಡುವ ಮುಂಚೆ

ಅಲ್ಲಿಯವರೆಗೆ ನಾವು ಮಾಡಬಹುದಾದದ್ದು ಲೆಕ್ಕ ಕಲಿಯುವುದು.

ಮೊದಲನೆಯದು, ಮನೆಯಿಂದ ಮನೆಗೆ ಲೆಕ್ಕ ಹಾಕಿ. ಇಳಕಲ್ಲಿನಿಂದ ಬೆಂಗಳೂರಿಗೆ ವಿಮಾನ ಅಂದರೆ ಮೊದಲು ಹುಬ್ಬಳ್ಳಿಗೆ ಮೂರ್ನಾಲ್ಕು ತಾಸು, ಅಲ್ಲಿ ಮುಂಚೆ ಹೋಗಿ ಕುಳಿತುಕೊಳ್ಳುವುದು, ಒಂದು ತಾಸಿನ ಹಾರಾಟ, ದೇವನಹಳ್ಳಿಯಿಂದ ಊರೊಳಗೆ ಮತ್ತೆ ತಾಸು ಒಂದೂವರೆ ತಾಸು. ಇಡೀ ದಿನ ಹೋಯಿತು. ರಾತ್ರಿ ಸ್ಲೀಪರ್ ಬಸ್ ಹತ್ತಿದರೆ ಬೆಳಗಿಗೆ ಮುಟ್ಟುತ್ತೀರಿ. ವಿಮಾನ ಲಾಭವಾಗುವುದು ದಿಲ್ಲಿ, ಕೋಲ್ಕತ್ತಾ, ಗುವಾಹಾಟಿಯಂಥ ದೂರಕ್ಕೆ.

ಎರಡನೆಯದು, ಒಂದೇ ನಿಲ್ದಾಣ ನೋಡಬೇಡಿ. ಬಾಗಲಕೋಟೆಯವರಿಗೆ ಹುಬ್ಬಳ್ಳಿ, ಬೆಳಗಾವಿ ಎರಡೂ ಉಂಟು, ಇಳಕಲ್ ಕಡೆಯವರು ವಿದ್ಯಾನಗರವನ್ನೂ ನೋಡಬಹುದು. ದೂರದಿಂದ ಬರುವವರು ಗೋವಾದ ಎರಡು ನಿಲ್ದಾಣಗಳನ್ನೂ, ಹೈದರಾಬಾದನ್ನೂ ನೋಡಲಿ. ಅಲ್ಲಿಂದ ಬರುವ ಬಸ್, ಗಾಡಿ ಖರ್ಚು ಕೂಡಿಸಿಯೇ ಹೋಲಿಸಿ.

ಮೂರನೆಯದು, ಮೊದಲ ಪುಟದ ರೇಟ್ ನಂಬಬೇಡಿ. ಸೇವಾ ಶುಲ್ಕ, ಸೀಟ್ ಶುಲ್ಕ, ವಿಮೆ ಇವೆಲ್ಲ ಕೊನೆಯ ಪುಟದಲ್ಲಿ ಸೇರಿಕೊಳ್ಳುತ್ತವೆ. ಕೆಲವು ಕಡೆ ವಿಮೆಯ ಡಬ್ಬಿಗೆ ಮೊದಲೇ ಟಿಕ್ ಹಾಕಿರುತ್ತದೆ. ಗಿರಾಕಿಯನ್ನು ಹೀಗೆ ದಾರಿ ತಪ್ಪಿಸುವುದರ ವಿರುದ್ಧ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರಿನಲ್ಲಿ ಮಾರ್ಗಸೂಚಿ ಹೊರಡಿಸಿದೆ. ಆದರೂ ನೋಡಿ ತೆಗೆಯುವುದು ನಮ್ಮ ಕೆಲಸ. ಹಲವು ಆ್ಯಪುಗಳಲ್ಲಿ ದರ ಹುಡುಕಿ, ಕೊನೆಗೆ ಆ ವಿಮಾನ ಕಂಪನಿಯ ಸ್ವಂತ ಜಾಲತಾಣದಲ್ಲಿ ಒಮ್ಮೆ ನೋಡಿ. ಎಷ್ಟೋ ಸಲ ಒಟ್ಟು ಮೊತ್ತ ಅಲ್ಲೇ ಕಡಿಮೆ ಇರುತ್ತದೆ, ಟಿಕೆಟ್ ರದ್ದಾದರೆ ದುಡ್ಡು ಕೇಳುವುದೂ ಸುಲಭ.

ನಾಲ್ಕನೆಯದು, ಹೆಸರು. ಆಧಾರ್‌ನಲ್ಲಿ ಇದ್ದಂತೆಯೇ ಟಿಕೆಟ್ಟಿನಲ್ಲೂ ಇರಬೇಕು. ನಮ್ಮಲ್ಲಿ ಒಬ್ಬರಿಗೇ ತಂದೆಯ ಹೆಸರು, ಅಡ್ಡಹೆಸರು, ಮನೆಯಲ್ಲಿ ಕರೆಯುವ ಹೆಸರು ಎಲ್ಲ ಇರುತ್ತವೆ. ಫೋನಿನಲ್ಲಿ ಬಾಯಿಮಾತಿನಿಂದ ಹೆಸರು ಹೇಳಬೇಡಿ, ಆಧಾರ್ ಫೋಟೊ ಕಳಿಸಿ, ದುಡ್ಡು ಕಟ್ಟುವ ಮುಂಚೆ ಅಕ್ಷರ ಅಕ್ಷರ ಓದಿ.

ಐದನೆಯದು, ರಿಯಾಯಿತಿಯ ದರ. ವಿದ್ಯಾರ್ಥಿ, ಸೈನಿಕ ಎಂದು ಒತ್ತಿದರೆ ರೇಟ್ ಇಳಿಯುತ್ತದೆ. ಆದರೆ ನಿಲ್ದಾಣದಲ್ಲಿ ಗುರುತಿನ ಚೀಟಿ ಕೇಳುತ್ತಾರೆ, ಇಲ್ಲದಿದ್ದರೆ ಸಿಕ್ಕಿಬೀಳುವವರು ಪ್ರಯಾಣಿಕರೇ. ಬುಕ್ ಮಾಡಿಕೊಟ್ಟವರು ಯಾವ ದರದಲ್ಲಿ ಮಾಡಿದರೆಂದು ಕೇಳಿ.

ಆರನೆಯದು, ರದ್ದತಿ. 'ರೀಫಂಡ್ ಇಲ್ಲ' ಎಂದು ಬರೆದ ಟಿಕೆಟ್ ಆದರೂ ರದ್ದು ಮಾಡಿದರೆ ಸರ್ಕಾರಿ ತೆರಿಗೆ, ನಿಲ್ದಾಣದ ಬಳಕೆದಾರರ ಶುಲ್ಕ ವಾಪಸ್ ಕೊಡಬೇಕೆಂದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನಿಯಮ ಇದೆ. ಹೋಗಲಾಗದಿದ್ದರೆ ಸುಮ್ಮನೆ ಬಿಡಬೇಡಿ, ರದ್ದು ಮಾಡಿ ಆ ದುಡ್ಡು ಕೇಳಿ.

ಕೊನೆಯದು, ಮೋಸ. ವಾಟ್ಸಾಪಿನಲ್ಲಿ ಅರ್ಧ ರೇಟಿನ ಟಿಕೆಟ್ ಎಂದು ಬರುವ ಪಿಡಿಎಫ್ ಟಿಕೆಟ್ ಅಲ್ಲ, ಬರೀ ಚಿತ್ರ ಇದ್ದರೂ ಇರಬಹುದು. ಪಿಎನ್‌ಆರ್ ಮತ್ತು ಅಡ್ಡಹೆಸರನ್ನು ವಿಮಾನ ಕಂಪನಿಯ ಜಾಲತಾಣದಲ್ಲಿ ನೀವೇ ಹಾಕಿ ನೋಡಿ. ಅಲ್ಲಿ ಕಂಡರೆ ಮಾತ್ರ ಟಿಕೆಟ್ ಇದೆ. ರೀಫಂಡ್ ಕೊಡುತ್ತೇವೆ ಎಂದು ಯಾರಾದರೂ ಫೋನ್ ಮಾಡಿ ಒಟಿಪಿ ಕೇಳಿದರೆ ಕೊಡಬೇಡಿ. ದುಡ್ಡು ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ.

ಅಂದು ಏನಾಯಿತು

ಆ ದಿನ ಅಂಗಡಿಯ ಹುಡುಗ ಹುಬ್ಬಳ್ಳಿ ಬಿಟ್ಟು ಬೆಳಗಾವಿ ನೋಡಿದ, ಗೋವಾ ನೋಡಿದ. ಗೋವಾಕ್ಕೆ ಬರುವ ಒಂದು ವಿಮಾನ ಸ್ವಲ್ಪ ಕಡಿಮೆ ಇತ್ತು, ಆದರೆ ಅಲ್ಲಿಂದ ಹುನಗುಂದ ಮುಟ್ಟಲು ಮತ್ತೆ ಇಡೀ ರಾತ್ರಿ ಬೇಕು. ಕಾಕಾ ಕೈಯಲ್ಲಿದ್ದ ನೋಟುಗಳನ್ನು ಮತ್ತೊಮ್ಮೆ ಎಣಿಸಿದರು. ಕಡಿಮೆ ಬಿದ್ದದ್ದನ್ನು ಅಂಗಡಿಯ ಹುಡುಗನೇ ತನ್ನ ಫೋನಿನಿಂದ ಕಟ್ಟಿದ.

"ಪೆನ್ಶನ್ ಬಂದ ಮ್ಯಾಲೆ ಕೊಡ್ತೀನೋ ತಮ್ಮಾ."

"ಇರ್ಲಿ ಬಿಡ್ರಿ ಕಾಕಾರ. ಮೊದಲ ಅವ್ರು ಬರ್ಲಿ."

ಟಿಕೆಟ್ ಹುಬ್ಬಳ್ಳಿಗೇ ಆಯಿತು. ಮಧ್ಯಾಹ್ನ ಇಳಿದ ತಮ್ಮನನ್ನು ಕರೆತರಲು ಊರಿನ ಒಂದು ಗಾಡಿ ಹೋಗಿತ್ತು. ಊರಿನವರು ಹೊತ್ತು ಮುಳುಗುವವರೆಗೆ ಕಾದರು. ಅವರು ಮಣ್ಣಿಗೆ ಸಿಕ್ಕರು.

ಬಳ್ಳಾರಿಯಲ್ಲಿ ಟಪಾಲು ಇಳಿದು ತೊಂಬತ್ತು ವರ್ಷ ಕಳೆದ ಮೇಲೆ ನಮ್ಮೂರಿನ ಒಬ್ಬರು ತಾಯಿಯ ಮುಖ ಕೊನೆಯ ಸಲ ನೋಡಲು ಅದೇ ಆಕಾಶದಿಂದ ಬಂದರು. ವಿಮಾನ ನಮ್ಮದಾಗಿದೆ, ಸುಳ್ಳಲ್ಲ. ಅದರ ಲೆಕ್ಕವೂ ನಮ್ಮದಾಗಬೇಕಾಗಿದೆ.